ಲೋಟ ಬೇರೆ ಇಡುವ ಮುಂಚೆ: ಎಚ್‌ಐವಿ ಹರಡುವುದು ಹೇಗೆ, ಅದರ ಭಯ ಹರಡುವುದು ಹೇಗೆ

ಕಳೆದ ಅಡಿಕೆ ಕೊಯ್ಲಿನ ಸಮಯದಲ್ಲಿ ತೀರ್ಥಹಳ್ಳಿ ಕಡೆಯ ಒಂದು ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಹತ್ತು ಹನ್ನೆರಡು ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು, ಸಾಲಾಗಿ ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು. ರಾತ್ರಿ ಎಂಟರ ಹೊತ್ತಿಗೆ ಚಾ ಬಂತು. ಎಲ್ಲರಿಗೂ ಸ್ಟೀಲ್ ಲೋಟ. ಮೂಲೆಯಲ್ಲಿದ್ದ ಒಬ್ಬರಿಗೆ ಮಾತ್ರ ಪೇಪರ್ ಕಪ್. ಯಾರೂ ಏನೂ ಅನ್ನಲಿಲ್ಲ. ಅವರೂ ಅನ್ನಲಿಲ್ಲ. ಚಾ ಕುಡಿದು, ಕಪ್ಪನ್ನು ಸಣ್ಣಗೆ ಮಡಚಿ ತಮ್ಮ ಚೀಲಕ್ಕೇ ಹಾಕಿಕೊಂಡರು. ಮಾರನೇ ದಿನ ಕೆಲಸಕ್ಕೆ ಬರಲಿಲ್ಲ.

ಅವರ ಗಂಡ ತೀರಿಕೊಂಡಿದ್ದು ಎಚ್‌ಐವಿಯಿಂದ ಅಂತ ಊರಲ್ಲಿ ಸುದ್ದಿಯಾಗಿತ್ತು. ಮನೆಯ ಯಜಮಾನಿ ಕೆಟ್ಟವರಲ್ಲ. ಮಳೆಗಾಲದಲ್ಲಿ ಕೆಲಸದವರ ಮನೆಗೆ ಅಕ್ಕಿ ಕಳಿಸುವವರು. ಅವರೇ ನನ್ನನ್ನು ಹಿತ್ತಲಿಗೆ ಕರೆದು ಮೆಲ್ಲಗೆ ಕೇಳಿದರು: "ನಂಗೂ ಸರಿ ಕಾಣಲಿಲ್ಲ ಮಾರಾಯ್ರೆ. ಆದ್ರೆ ಹೆದ್ರಿಕೆ ಆಗ್ತದಲ್ಲ. ಸುಲಿಯುವಾಗ ಬೆರಳು ಕೊಯ್ತದೆ, ರಕ್ತ ಬರ್ತದೆ. ಅದೇ ಕತ್ತಿ ನಾಳೆ ಇನ್ನೊಬ್ರು ಹಿಡೀತಾರೆ. ಏನೂ ಆಗೋದಿಲ್ವಾ?"

ನ್ಯಾಯವಾದ ಪ್ರಶ್ನೆ. ಇದಕ್ಕೆ ಸರಿಯಾದ ಉತ್ತರ ಗೊತ್ತಿದ್ದಿದ್ದರೆ ಆ ಪೇಪರ್ ಕಪ್ ಬರುತ್ತಲೇ ಇರಲಿಲ್ಲ. ಹಾಗಾಗಿ ಮೊದಲಿನಿಂದ ನೋಡೋಣ.

ಬೇಲಿ ಕೀಳುವ ವೈರಸ್

ಎಚ್‌ಐವಿ ಒಂದು ವೈರಸ್ಸಿನ ಹೆಸರು. ಏಡ್ಸ್ ಅನ್ನುವುದು ಆ ವೈರಸ್ಸಿಗೆ ಚಿಕಿತ್ಸೆ ಸಿಗದೇ ಹೋದಾಗ ಬರುವ ಕೊನೆಯ ಹಂತ. ಎರಡೂ ಒಂದೇ ಅಲ್ಲ. ಎಚ್‌ಐವಿ ಇರುವವರೆಲ್ಲ ಏಡ್ಸ್ ರೋಗಿಗಳಲ್ಲ. ಇವತ್ತು ಸರಿಯಾಗಿ ಗುಳಿಗೆ ತೆಗೆದುಕೊಳ್ಳುವ ಹೆಚ್ಚಿನವರು ಆ ಹಂತಕ್ಕೆ ಹೋಗುವುದೇ ಇಲ್ಲ.

ತೋಟಕ್ಕೆ ಬೇಲಿ ಇದೆ ಅಂದುಕೊಳ್ಳಿ. ಎಚ್‌ಐವಿ ಫಸಲು ತಿನ್ನುವ ಪ್ರಾಣಿ ಅಲ್ಲ. ಅದು ದಿನಕ್ಕೊಂದರಂತೆ ಬೇಲಿಯ ಗೂಟ ಕೀಳುತ್ತಾ ಹೋಗುತ್ತದೆ. ಒಂದೆರಡು ಗೂಟ ಹೋದಾಗ ಯಾರಿಗೂ ಗೊತ್ತಾಗುವುದಿಲ್ಲ. ಬೇಲಿ ಪೂರ್ತಿ ಮಲಗಿದ ಮೇಲೆ ಹಂದಿ, ಮಂಗ, ದನ ಎಲ್ಲ ನುಗ್ಗುತ್ತವೆ. ನಮ್ಮ ಮೈಯಲ್ಲಿ ಆ ಗೂಟಗಳ ಕೆಲಸ ಮಾಡುವುದು ಸಿಡಿ4 ಅನ್ನುವ ಬಿಳಿ ರಕ್ತಕಣಗಳು. ಆರೋಗ್ಯವಂತರಲ್ಲಿ ಇವುಗಳ ಎಣಿಕೆ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾಮಾನ್ಯವಾಗಿ 500ರಿಂದ 1,500ರವರೆಗೆ ಇರುತ್ತದೆ. ಅದು 200ಕ್ಕಿಂತ ಕೆಳಗಿಳಿದರೆ ಏಡ್ಸ್ ಹಂತ ಅನ್ನುತ್ತಾರೆ. ಆಗ ಕ್ಷಯದಂಥ ಕಾಯಿಲೆಗಳು ಸುಲಭವಾಗಿ ಒಳಗೆ ಬರುತ್ತವೆ. ಚಿಕಿತ್ಸೆ ಇಲ್ಲದಿದ್ದರೂ ಅಲ್ಲಿಗೆ ತಲುಪಲು ಎಂಟು ಹತ್ತು ವರ್ಷ ಹಿಡಿಯಬಹುದು. ಅಷ್ಟೂ ವರ್ಷ ಮನುಷ್ಯ ಗಟ್ಟಿಮುಟ್ಟಾಗಿಯೇ ಕಾಣುತ್ತಾನೆ. ಮುಖ ನೋಡಿ ಎಚ್‌ಐವಿ ಕಂಡುಹಿಡಿಯಲು ಆಗುವುದಿಲ್ಲ ಅನ್ನುವುದು ಇದಕ್ಕೇ.

ಮಂಗನ ಕಾಯಿಲೆ ಗೊತ್ತಿರುವ ನಮಗೆ ಇದು ಕಷ್ಟವಲ್ಲ

ಒಂದು ಕಾಯಿಲೆಗೆ ಅದರದೇ ದಾರಿ ಇರುತ್ತದೆ ಅನ್ನುವುದನ್ನು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಜನರಿಗೂ ಜ್ವರ ಬಂತು. ಆ ಕಾಡಿನ ಹೆಸರೇ ಕಾಯಿಲೆಗೂ ಬಿತ್ತು. ಅದು ಬರುವುದು ಉಣುಗು ಕಚ್ಚುವುದರಿಂದ ಅಂತ ತಿಳಿದ ಮೇಲೆ ನಾವು ಏನು ಮಾಡಿದೆವು? ಕಾಡಿಗೆ ಹೋಗುವಾಗ ಕೈಕಾಲಿಗೆ ಎಣ್ಣೆ ಹಚ್ಚಿಕೊಂಡೆವು. ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಿದೆವು. ಆ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ ಅಂತ ಗೊತ್ತಿರುವುದರಿಂದ ರೋಗಿಯ ಪಕ್ಕದಲ್ಲೇ ಕೂತು ಗಂಜಿ ಕುಡಿಸುತ್ತೇವೆ.

ಎಚ್‌ಐವಿಯ ದಾರಿಗಳೂ ಹೀಗೆಯೇ ಲೆಕ್ಕದವು. ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ, ಸೋಂಕಿತರ ರಕ್ತ ನೇರವಾಗಿ ನಮ್ಮ ರಕ್ತಕ್ಕೆ ಸೇರುವುದು, ಒಬ್ಬರು ಬಳಸಿದ ಸಿರಿಂಜನ್ನು ಇನ್ನೊಬ್ಬರು ಬಳಸುವುದು, ಮತ್ತೆ ತಾಯಿಯಿಂದ ಮಗುವಿಗೆ. ಇಷ್ಟೇ. ಎಂಜಲಿನಿಂದ ಬರುವುದಿಲ್ಲ. ಬೆವರಿನಿಂದ ಬರುವುದಿಲ್ಲ. ಒಂದೇ ತಟ್ಟೆ, ಒಂದೇ ಶೌಚಾಲಯ, ಒಂದೇ ಹಾಸಿಗೆ, ಕೆಮ್ಮು, ಅಪ್ಪುಗೆ, ಯಾವುದರಿಂದಲೂ ಇಲ್ಲ. ಸೊಳ್ಳೆಯಿಂದ ಬರುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಸೊಳ್ಳೆಯ ಮೈಯಲ್ಲಿ ಈ ವೈರಸ್ ಬೆಳೆಯುವುದೇ ಇಲ್ಲ. ಕಚ್ಚುವಾಗ ಅದು ಹಿಂದಿನವರ ರಕ್ತವನ್ನು ನಮ್ಮೊಳಗೆ ಬಿಡುವುದೂ ಇಲ್ಲ.

ಈಗ ಕತ್ತಿಯ ವಿಷಯ. ಎಚ್‌ಐವಿ ಮೈಯ ಹೊರಗೆ ಬಹಳ ನಾಜೂಕು. ರಕ್ತ ಒಣಗುತ್ತಿದ್ದಂತೆ ಸೋಂಕು ತಗಲಿಸುವ ಶಕ್ತಿ ಬೇಗ ಕುಂದುತ್ತದೆ. ಸಿರಿಂಜಿನ ಕಥೆ ಬೇರೆ, ಅದರ ಟೊಳ್ಳಿನೊಳಗೆ ರಕ್ತ ಹಸಿಯಾಗಿ ಉಳಿಯುತ್ತದೆ. ಹಾಗಿದ್ದೂ, ಎಚ್‌ಐವಿ ಇರುವವರ ರಕ್ತ ಮೆತ್ತಿದ ಸೂಜಿ ಆಸ್ಪತ್ರೆ ಸಿಬ್ಬಂದಿಗೆ ಚುಚ್ಚಿಕೊಂಡರೆ ಸೋಂಕು ತಗಲುವ ಸಾಧ್ಯತೆ ಸಾವಿರಕ್ಕೆ ಸುಮಾರು 3. ಜಗಲಿಯ ಮೆಟ್ಟುಗತ್ತಿ ಅದರ ಹತ್ತಿರಕ್ಕೂ ಬರುವುದಿಲ್ಲ. ರಾತ್ರಿ ಒಣಗಿ, ಬೆಳಿಗ್ಗೆ ತೊಳೆದ ಕತ್ತಿಯಿಂದ ಎಚ್‌ಐವಿ ಬರುತ್ತದೆ ಅಂತ ಹೆದರಬೇಕಾಗಿಲ್ಲ.

ಹಾಗಂತ ಕತ್ತಿಗೆ ರಕ್ತ ತಾಗಿದರೆ ಸುಮ್ನೆ ಬಿಡಿ ಅಂತಲ್ಲ. ಬೆರಳು ತೊಳೆದು ಪಟ್ಟಿ ಕಟ್ಟಬೇಕು, ಕತ್ತಿಯನ್ನು ಸೋಪು ನೀರಲ್ಲಿ ತೊಳೆಯಬೇಕು. ಆದರೆ ಇದು ಎಲ್ಲರ ರಕ್ತಕ್ಕೂ ಒಂದೇ ನಿಯಮ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಒಂದು ವಾರ ಉಳಿಯಬಲ್ಲದು. ಸಾಲಿನಲ್ಲಿ ಕೂತ ಹನ್ನೆರಡು ಜನರಲ್ಲಿ ಅದು ಯಾರಿಗಿದೆ ಅಂತ ಯಾರಿಗೂ ಗೊತ್ತಿಲ್ಲ. ಒಳ್ಳೆಯ ಆಸ್ಪತ್ರೆಗಳು ಕೆಲಸ ಮಾಡುವುದೂ ಇದೇ ಲೆಕ್ಕದಲ್ಲಿ. ಯಾರದೇ ರಕ್ತ ಇರಲಿ, ಸೋಂಕು ಇರಬಹುದು ಅಂದುಕೊಂಡೇ ಗ್ಲೌಸ್ ಹಾಕಬೇಕು. ಒಬ್ಬರ ಮಂಚಕ್ಕೆ ಮಾತ್ರ ಚೀಟಿ ಅಂಟಿಸಿದರೆ ಸಿಬ್ಬಂದಿಗೂ ರಕ್ಷಣೆ ಸಿಗುವುದಿಲ್ಲ, ಆ ಮನುಷ್ಯನ ಗುಟ್ಟೂ ಉಳಿಯುವುದಿಲ್ಲ.

ದಿನಕ್ಕೊಂದು ಗುಳಿಗೆ

ಜನರ ತಲೆಯಲ್ಲಿ ಎಚ್‌ಐವಿಯ ಚಿತ್ರ ಹಳೆಯದು. ಭಾರತದಲ್ಲಿ ಮೊದಲು ಪತ್ತೆಯಾಗಿದ್ದು 1986ರಲ್ಲಿ, ಚೆನ್ನೈಯಲ್ಲಿ. ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅದನ್ನು ಕಂಡುಹಿಡಿದರು. ಆಗ ಔಷಧಿ ಇರಲಿಲ್ಲ. ಗೋಡೆ ಮೇಲಿನ ಬರಹಗಳು 'ಮಾರಕ' ಅಂತ ಹೆದರಿಸಿದವು. ಆ ಹೆದರಿಕೆ ಮನೆ ಮನೆಗೂ ತಲುಪಿತು. ಆಮೇಲೆ ಬಂದ ಒಳ್ಳೆಯ ಸುದ್ದಿ ಅಷ್ಟು ದೂರ ತಲುಪಲಿಲ್ಲ.

ಒಳ್ಳೆಯ ಸುದ್ದಿ ಇದು. 2004ರ ಏಪ್ರಿಲ್ 1ರಿಂದ ಸರ್ಕಾರ ಎಆರ್‌ಟಿ ಔಷಧಿಯನ್ನು ಉಚಿತವಾಗಿ ಕೊಡುತ್ತಿದೆ. ಎಆರ್‌ಟಿ ಅಂದರೆ ವೈರಸ್ ಮೈಯಲ್ಲಿ ಹೆಚ್ಚಾಗದಂತೆ ತಡೆಯುವ ಔಷಧಿಗಳ ಗುಂಪು. ಮೊದಲೆಲ್ಲ ಸಿಡಿ4 ಇಳಿಯುವವರೆಗೆ ಕಾಯುತ್ತಿದ್ದರು. 2017ರಿಂದ ಪಾಸಿಟಿವ್ ಅಂತ ಗೊತ್ತಾದ ಎಲ್ಲರಿಗೂ ಔಷಧಿ ಶುರು ಮಾಡುತ್ತಾರೆ. ಈಗ ಹೆಚ್ಚಿನವರಿಗೆ ಮೂರು ಔಷಧಿ ಸೇರಿದ ಒಂದೇ ಗುಳಿಗೆ, ದಿನಕ್ಕೊಂದು ಸಲ. ಬಿಪಿ, ಶುಗರ್ ಗುಳಿಗೆಯ ಹಾಗೆಯೇ ಜೀವನಪೂರ್ತಿ. ಇದು ವೈರಸ್ಸನ್ನು ಪೂರ್ತಿ ಓಡಿಸುವುದಿಲ್ಲ, ಮಲಗಿಸಿ ಇಡುತ್ತದೆ. ಗುಳಿಗೆ ನಿಲ್ಲಿಸಿದರೆ ಅದು ಮತ್ತೆ ಏಳುತ್ತದೆ.

ರಕ್ತದಲ್ಲಿ ಎಷ್ಟು ವೈರಸ್ ಇದೆ ಅನ್ನುವ ಲೆಕ್ಕಕ್ಕೆ ವೈರಲ್ ಲೋಡ್ ಅನ್ನುತ್ತಾರೆ. ತಪ್ಪದೆ ಗುಳಿಗೆ ತೆಗೆದುಕೊಂಡರೆ ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ಇದು ಟೆಸ್ಟಿಗೂ ಸಿಗದಷ್ಟು ಕಡಿಮೆಯಾಗುತ್ತದೆ. ಹಾಗೆ ಕಡಿಮೆಯಾದವರಿಂದ ಲೈಂಗಿಕ ಸಂಪರ್ಕದಲ್ಲೂ ಎಚ್‌ಐವಿ ಹರಡುವುದಿಲ್ಲ. ಇದನ್ನು ನಾನು ಎಲ್ಲಿ ಹೇಳಿದರೂ ಜನ ಇನ್ನೊಮ್ಮೆ ಕೇಳುತ್ತಾರೆ, ಅದಕ್ಕೇ ಇನ್ನೊಮ್ಮೆ ಬರೆಯುತ್ತೇನೆ: ಹರಡುವುದಿಲ್ಲ. ಯುರೋಪಿನಲ್ಲಿ ನಡೆದ ಪಾರ್ಟ್ನರ್ ಅನ್ನುವ ಅಧ್ಯಯನದ ಎರಡನೇ ಹಂತ 2019ರಲ್ಲಿ ಪ್ರಕಟವಾಯಿತು. ಒಬ್ಬರಿಗೆ ಎಚ್‌ಐವಿ ಇದ್ದು ಚಿಕಿತ್ಸೆಯಲ್ಲಿರುವ, ಇನ್ನೊಬ್ಬರಿಗೆ ಇಲ್ಲದ ಸುಮಾರು 780 ಪುರುಷ ಜೋಡಿಗಳನ್ನು ಅದರಲ್ಲಿ ಗಮನಿಸಿದ್ದರು. ಅವರು ಕಾಂಡೋಮ್ ಬಳಸುತ್ತಿರಲಿಲ್ಲ. ವೈರಲ್ ಲೋಡ್ ಹಿಡಿತದಲ್ಲಿದ್ದ ಸಂಗಾತಿಯಿಂದ ಸೋಂಕು ದಾಟಿದ ಒಂದೇ ಒಂದು ಪ್ರಕರಣವೂ ಸಿಗಲಿಲ್ಲ. ಗಂಡು ಹೆಣ್ಣಿನ ಜೋಡಿಗಳೂ ಇದ್ದ ಮೊದಲ ಹಂತದಲ್ಲಿ ಬಂದಿದ್ದೂ ಇದೇ ಉತ್ತರ.

ಮಗುವಿನ ವಿಷಯವೂ ಹೀಗೇ ಬದಲಾಗಿದೆ. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ಹೋಗುವ ಸಾಧ್ಯತೆ 100ಕ್ಕೆ 15ರಿಂದ 45. ಬಸುರಿಯಾದಾಗಲೇ ತಿಳಿದು, ತಾಯಿ ಗುಳಿಗೆ ತೆಗೆದುಕೊಂಡು, ಹುಟ್ಟಿದ ಮಗುವಿಗೂ ಔಷಧಿ ಕೊಟ್ಟರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಎದೆಹಾಲಿನ ವಿಷಯದಲ್ಲಿ ಮಾತ್ರ ಎಆರ್‌ಟಿ ಕೇಂದ್ರದವರು ಹೇಳಿದ ಹಾಗೇ ಮಾಡಬೇಕು, ಅಂದಾಜಿನಲ್ಲಿ ಹೋಗಬಾರದು.

ಡಬ್ಬಿಯೊಳಗಿನ ಹತ್ತಿ

ಗುಳಿಗೆ ಉಚಿತ, ಟೆಸ್ಟ್ ಉಚಿತ. ಹಾಗಾದರೆ ತೊಂದರೆ ಎಲ್ಲಿ?

ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು ಇರುವ ಹಳ್ಳಿಯನ್ನು ನೆನಪಿಸಿಕೊಳ್ಳಿ. ಯಾರು ಎಲ್ಲಿಗೆ ಹೊರಟರು ಅಂತ ಕಂಡಕ್ಟರಿಗೂ ಗೊತ್ತು, ಹಿಂದಿನ ಸೀಟಿನವರಿಗೂ ಗೊತ್ತು. ಹತ್ತಿರದ ಕೇಂದ್ರದಲ್ಲಿ ಗುರುತಿನವರು ಸಿಗುತ್ತಾರೆ ಅನ್ನುವ ಭಯಕ್ಕೆ ಜಿಲ್ಲೆ ದಾಟಿ ಹೋಗಿ ಗುಳಿಗೆ ತರುವವರಿದ್ದಾರೆ. ಒಂದು ದಿನದ ಕೂಲಿ, ಬಸ್ ಚಾರ್ಜು, ಮನೆಯಲ್ಲಿ ಹೇಳಲು ಒಂದು ಸುಳ್ಳು. ಗುಳಿಗೆ ಬರುವುದು ಪ್ಲಾಸ್ಟಿಕ್ ಡಬ್ಬಿಯಲ್ಲಿ. ಚೀಲದಲ್ಲಿಟ್ಟು ನಡೆದರೆ ಗಲಗಲ ಸದ್ದು ಮಾಡುತ್ತದೆ. ಸದ್ದಾಗದಿರಲಿ ಅಂತ ಒಳಗೆ ಹತ್ತಿ ತುರುಕುತ್ತಾರೆ. ಬಸ್ ಸ್ಟ್ಯಾಂಡಿನಲ್ಲೇ ಲೇಬಲ್ ಉಗುರಿನಿಂದ ಕೆರೆದು ತೆಗೆಯುತ್ತಾರೆ. ಮನೆಯಲ್ಲಿ ನೆಂಟರಿದ್ದ ದಿನ ಗುಳಿಗೆ ತಪ್ಪುತ್ತದೆ. ಮದುವೆ ಮನೆಗೆ ಹೋದ ಮೂರು ದಿನ ತಪ್ಪುತ್ತದೆ. ಹೀಗೆ ಮತ್ತೆ ಮತ್ತೆ ತಪ್ಪಿದರೆ ವೈರಸ್ ಏಳುತ್ತದೆ, ಕೆಲವೊಮ್ಮೆ ಆ ಔಷಧಿಗೇ ಬಗ್ಗದ ಹಾಗೆ ಬದಲಾಗುತ್ತದೆ. ಪೇಪರ್ ಕಪ್ಪಿಗೂ ಈ ಡಬ್ಬಿಗೂ ಸಂಬಂಧ ಇರುವುದು ಇಲ್ಲಿ.

ಈ ಪೂರ್ತಿ ಸಂಗತಿಗೆ ಕಳಂಕ ಅನ್ನುತ್ತಾರೆ. ಒಬ್ಬರ ಕಾಯಿಲೆಯನ್ನು ಅವರ ನಡತೆಗೆ ಹಚ್ಚಿದ ಮಸಿಯಂತೆ ನೋಡುವುದು ಕಳಂಕ. ಆ ನೋಟ ಕೆಲಸಕ್ಕಿಳಿದಾಗ, ಅಂದರೆ ಲೋಟ ಬೇರೆ ಇಟ್ಟಾಗ, ಕೂಲಿಗೆ ಕರೆಯದಿದ್ದಾಗ, ಬಾಡಿಗೆ ಮನೆ ಬಿಡಿಸಿದಾಗ, ಅದು ತಾರತಮ್ಯ. ಮೂರನೆಯದು ಹೊರಗೆ ಕಾಣುವುದಿಲ್ಲ. ಆ ಮಾತುಗಳನ್ನೆಲ್ಲ ಕೇಳಿ ಕೇಳಿ, ಹೌದು, ನಾನು ಇದಕ್ಕೇ ಲಾಯಕ್ಕು ಅಂತ ಅವರೇ ನಂಬಿಬಿಡುವುದು. ನನಗೆ ಹೆಚ್ಚು ಸಂಕಟ ಕೊಡುವುದು ಇದು. ಚಾ ಕುಡಿದ ಕಪ್ಪನ್ನು ತಾವೇ ಮಡಚಿ ಚೀಲಕ್ಕೆ ಹಾಕಿಕೊಂಡರಲ್ಲ, ಹಾಗೆ.

ಎಲ್ಲದರ ಬೇರು ಒಂದೇ ಪ್ರಶ್ನೆಯಲ್ಲಿದೆ: "ಎಲ್ಲಿಂದ ಬಂತು?" ಡೆಂಗಿ ಬಂದವರನ್ನು ಯಾವ ಸೊಳ್ಳೆ ಅಂತ ಯಾರೂ ಕೇಳುವುದಿಲ್ಲ. ಎಚ್‌ಐವಿ ಅಂದ ಕೂಡಲೇ ತಪ್ಪು ಯಾರದು ಅಂತ ಹುಡುಕುತ್ತೇವೆ. ಗಂಡನೊಬ್ಬನನ್ನೇ ನಂಬಿ ಬಾಳಿದ ಎಷ್ಟೋ ಹೆಂಗಸರಿಗೆ ಸೋಂಕು ಬಂದಿದ್ದು ಗಂಡನಿಂದಲೇ. ಆದರೂ ಗಂಡ ಸತ್ತ ಮೇಲೆ "ಇವಳ ಕಾಲ್ಗುಣ" ಅನ್ನಿಸಿಕೊಳ್ಳುವುದು ಅವರೇ. ಹಾಗಂತ ಬೇರೆ ದಾರಿಯಲ್ಲಿ ಬಂದವರಿಗೆ ಮಸಿ ಹಚ್ಚಬಹುದು ಅಂತ ಅರ್ಥವಲ್ಲ. 'ಪಾಪ, ಇವರದೇನೂ ತಪ್ಪಿಲ್ಲ' ಅಂತ ಕೆಲವರನ್ನು ಮಾತ್ರ ಬೇರೆ ಮಾಡುವುದೂ ಕಳಂಕದ್ದೇ ಇನ್ನೊಂದು ರೂಪ.

ಜೊತೆಗೆ ಬರುವವರು

ಸರ್ಕಾರದ ಕಾರ್ಯಕ್ರಮಗಳಲ್ಲಿ 'ಹೈ ರಿಸ್ಕ್' ಅನ್ನುವ ಮಾತು ಬರುತ್ತದೆ. ಲೈಂಗಿಕ ಕಾರ್ಯಕರ್ತೆಯರು, ಪುರುಷರೊಂದಿಗೆ ಸಂಬಂಧವಿರುವ ಪುರುಷರು, ಲಿಂಗತ್ವ ಅಲ್ಪಸಂಖ್ಯಾತರು, ಸೂಜಿಯಿಂದ ಮಾದಕ ವಸ್ತು ತೆಗೆದುಕೊಳ್ಳುವವರು ಈ ಪಟ್ಟಿಯಲ್ಲಿದ್ದಾರೆ. ಇವರ ಜೊತೆಗೆ ಲಾರಿ ಚಾಲಕರು, ಊರು ಬಿಟ್ಟು ಕೆಲಸಕ್ಕೆ ಬಂದವರು. ಮಾತು ಕೇಳಲು ಒರಟು. ಅದರ ಅರ್ಥ ಈ ಜನ ಅಪಾಯ ಅಂತಲ್ಲ, ಇವರಿಗೆ ಅಪಾಯ ಜಾಸ್ತಿ ಅಂತ. ಯಾಕೆ ಜಾಸ್ತಿ? ಕಾಂಡೋಮ್ ಹಾಕು ಅಂತ ಗಟ್ಟಿಯಾಗಿ ಹೇಳುವ ಸ್ಥಿತಿ ಇರುವುದಿಲ್ಲ. ಪೊಲೀಸರ ಹೆದರಿಕೆ, ಮನೆಯವರ ಹೆದರಿಕೆ. ಆಸ್ಪತ್ರೆಗೆ ಹೋದರೆ ಮುಖ ಸಿಂಡರಿಸುತ್ತಾರೆ. ಅಸ್ಸಾಂ, ಬಿಹಾರದಿಂದ ಕಾಫಿ ತೋಟಕ್ಕೆ ಬಂದವರಿಗೆ ಇಲ್ಲಿನ ಭಾಷೆಯೇ ಬಾರದು.

ಇಂಥವರ ಬಳಿಗೆ ಜೀಪಿನಲ್ಲಿ ಅಧಿಕಾರಿ ಹೋದರೆ ಯಾರೂ ಬಾಯಿ ಬಿಡುವುದಿಲ್ಲ. ಅದಕ್ಕೇ ಕೆಲಸವನ್ನು ಆ ಸಮುದಾಯದವರ ಕೈಗೇ ಕೊಟ್ಟರು. ಇವರನ್ನು ಪೀರ್ ಎಜುಕೇಟರ್ ಅನ್ನುತ್ತಾರೆ. ನಮ್ಮ ಮಾತಲ್ಲಿ ಓರಗೆಯವರು ಅನ್ನಬಹುದು. ಒಬ್ಬರಿಗೆ ಸುಮಾರು 60 ಜನರ ಜವಾಬ್ದಾರಿ. ಅವರನ್ನು ಆಗಾಗ ಮಾತಾಡಿಸುವುದು, ಕಾಂಡೋಮ್ ತಲುಪಿಸುವುದು, ಆರು ತಿಂಗಳಿಗೊಮ್ಮೆ ಟೆಸ್ಟಿಗೆ ಕರೆದುಕೊಂಡು ಹೋಗುವುದು ಇವರ ಕೆಲಸ. ಕಾಗದದ ಮೇಲೆ ಇಷ್ಟೇ. ನಿಜವಾದ ಕೆಲಸ ಬೇರೆ. ಟೆಸ್ಟ್ ಕೋಣೆಯ ಹೊರಗಿನ ಬೆಂಚಿನಲ್ಲಿ ಪಕ್ಕದಲ್ಲಿ ಕೂರುವುದು. ಪಾಸಿಟಿವ್ ಬಂದ ದಿನ ಒಬ್ಬರನ್ನೇ ಬಸ್ ಹತ್ತಿಸದೆ ಜೊತೆಗೆ ಮನೆವರೆಗೂ ಹೋಗುವುದು. ಎರಡು ತಿಂಗಳು ಗುಳಿಗೆಗೆ ಬರದವರಿಗೆ ಫೋನ್ ಮಾಡುವಾಗಲೂ ಎಚ್ಚರ ಬೇಕು. ಆ ಕಡೆ ಫೋನ್ ಎತ್ತುವುದು ಅತ್ತೆಯೋ ಮೈದುನನೋ ಗೊತ್ತಿಲ್ಲವಲ್ಲ. ಎಲ್ಲಿಂದ ಅಂತ ಹೇಳದೆ "ಅಕ್ಕ ಮಾತಾಡ್ತಿರೋದು ಅಂತ ಹೇಳಿ" ಅಂದು ಇಡುತ್ತಾರೆ.

ಎಚ್‌ಐವಿ ಇರುವವರೇ ಸೇರಿ ಕಟ್ಟಿಕೊಂಡ ಸಂಘಗಳೂ ಇವೆ. 2013ರಲ್ಲಿ ಶುರುವಾದ ವಿಹಾನ್ ಕಾರ್ಯಕ್ರಮದ ಆರೈಕೆ ಮತ್ತು ಬೆಂಬಲ ಕೇಂದ್ರಗಳನ್ನು ಎಷ್ಟೋ ಕಡೆ ಇಂಥ ಸಂಘಗಳೇ ನಡೆಸುತ್ತವೆ. ಹೊಸದಾಗಿ ಗೊತ್ತಾದವರ ಎದುರು ಹದಿನೈದು ವರ್ಷದಿಂದ ಗುಳಿಗೆ ತೆಗೆದುಕೊಂಡು, ತೋಟ ಮಾಡಿಕೊಂಡು, ಮಕ್ಕಳನ್ನು ಓದಿಸಿದವರೊಬ್ಬರು ಕೂತು ಮಾತಾಡಿದರೆ, ಅಷ್ಟು ಧೈರ್ಯ ಯಾವ ಕರಪತ್ರವೂ ಕೊಡುವುದಿಲ್ಲ.

ಲಿಂಗತ್ವ ಅಲ್ಪಸಂಖ್ಯಾತರ ವಿಷಯದಲ್ಲಿ ದಾರಿ ನಿಧಾನವಾಗಿ ತೆರೆದಿದೆ. ಚಂದ್ರಗುತ್ತಿ ಜಾತ್ರೆ ನೋಡಿದವರಿಗೆ ಜೋಗತಿಯರು ಹೊಸಬರಲ್ಲ. ಜಾತ್ರೆಯಲ್ಲಿ ಕೈಮುಗಿದ ಜನವೇ ಆಸ್ಪತ್ರೆಯ ಸಾಲಿನಲ್ಲಿ ಪಕ್ಕಕ್ಕೆ ಸರಿಯುತ್ತಿದ್ದರು. 2014ರಲ್ಲಿ ಸುಪ್ರೀಂ ಕೋರ್ಟ್ ಇವರ ಗುರುತನ್ನು ಒಪ್ಪಿತು. 2018ರಲ್ಲಿ ಒಂದೇ ಲಿಂಗದ ವಯಸ್ಕರ ನಡುವಿನ ಒಪ್ಪಿತ ಸಂಬಂಧ ಅಪರಾಧವಲ್ಲ ಅಂದಿತು. 2021ರಲ್ಲಿ ಕರ್ನಾಟಕ ಸರ್ಕಾರಿ ಕೆಲಸಗಳಲ್ಲಿ ಶೇ 1 ಮೀಸಲಾತಿ ಕೊಟ್ಟಿತು. ಅದೇ ವರ್ಷ ಮಂಜಮ್ಮ ಜೋಗತಿ ರಾಷ್ಟ್ರಪತಿಗಳ ಕೈಯಿಂದ ಪದ್ಮಶ್ರೀ ಪಡೆದರು. ಎಚ್‌ಐವಿಗೂ ಇದಕ್ಕೂ ಏನು ಸಂಬಂಧ ಅನ್ನಬಹುದು. ತಾನು ಯಾರು ಅಂತ ಹೇಳಿಕೊಂಡರೆ ಪೊಲೀಸ್ ಕೇಸಾಗುತ್ತದೆ ಅನ್ನುವ ಭಯ ಇರುವವರು ಟೆಸ್ಟ್ ಕೋಣೆಯಲ್ಲಿ ನಿಜ ಹೇಳುವುದಿಲ್ಲ. ನಿಜ ಹೇಳದವರಿಗೆ ಸರಿಯಾದ ಸಲಹೆ ಸಿಗುವುದಿಲ್ಲ.

ಊರೊಳಗೂ ಕೆಲಸ ನಡೆಯುತ್ತದೆ. ಕಾಲೇಜುಗಳ ರೆಡ್ ರಿಬ್ಬನ್ ಕ್ಲಬ್‌ಗಳು, ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದ ಸಭೆಗಳು, ಡಿಸೆಂಬರ್ 1ರ ಜಾಥಾ. ಜಾಥಾ ಒಂದು ದಿನದ್ದು, ಸಂಘದ ಸಭೆ ವಾರವಾರವೂ ಇರುತ್ತದೆ. ನನ್ನನ್ನು ಕೇಳಿದರೆ ಹಳ್ಳಿಯಲ್ಲಿ ಹೆಚ್ಚು ಬದಲಾವಣೆ ತರುವ ಜಾಗ ಆ ಸಭೆಯೇ. ಕತ್ತಿಯ ಪ್ರಶ್ನೆಯನ್ನು ಅಲ್ಲಿ ಒಬ್ಬರು ಕೇಳಿದರೆ ಹದಿನೈದು ಮನೆಗೆ ಉತ್ತರ ಹೋಗುತ್ತದೆ. ಆ ಯಜಮಾನಿಗೆ ನಾನು ಉತ್ತರ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅವ್ಳ ಮನೆಗೆ ನಾನೇ ಹೋಗ್ಬೇಕು, ಅಲ್ವಾ?" ಅಂದರು. ಹೋದರು ಕೂಡ.

ಕಾನೂನು ಏನು ಹೇಳುತ್ತದೆ

2017ರಲ್ಲಿ ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ ಬಂತು. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಎಚ್‌ಐವಿ ಇದೆ ಅನ್ನುವ ಕಾರಣಕ್ಕೆ ಕೆಲಸದಿಂದ ತೆಗೆಯುವುದು, ಶಾಲೆಗೆ ಸೇರಿಸಿಕೊಳ್ಳದಿರುವುದು, ಚಿಕಿತ್ಸೆ ನಿರಾಕರಿಸುವುದು, ಬಾಡಿಗೆ ಮನೆ ಕೊಡದಿರುವುದು ಈ ಕಾಯ್ದೆಯ ಪ್ರಕಾರ ತಪ್ಪು. ಸೋಂಕಿತರಿಗೆ ಮಾತ್ರವಲ್ಲ, ಅವರ ಜೊತೆ ವಾಸಿಸುವವರಿಗೂ ಇದರ ರಕ್ಷಣೆ ಇದೆ. ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವಂತಿಲ್ಲ. ಕೆಲಸಕ್ಕೆ ಸೇರಲು ಎಚ್‌ಐವಿ ರಿಪೋರ್ಟ್ ತನ್ನಿ ಅನ್ನುವಂತಿಲ್ಲ. ಸೋಂಕಿತರ ವಿರುದ್ಧ ದ್ವೇಷ ಹರಡುವ ವಿಷಯ ಪ್ರಕಟಿಸಿದರೆ 3 ತಿಂಗಳಿಂದ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ವಾಟ್ಸಾಪ್ ಗುಂಪಿನಲ್ಲಿ 'ಇಂಥವರಿಗೆ ಇದೆಯಂತೆ, ಹುಷಾರು' ಅಂತ ಹಂಚುವ ಮುಂಚೆ ಇದು ನೆನಪಿರಲಿ. ದೂರು ಕೇಳಲು ರಾಜ್ಯಗಳು ಓಂಬುಡ್ಸ್‌ಮನ್ ನೇಮಿಸಬೇಕು ಅಂತಲೂ ಕಾಯ್ದೆಯಲ್ಲಿದೆ.

ಟೆಸ್ಟ್ ಮಾಡಿಸಬೇಕು ಅನ್ನಿಸಿದರೆ

ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಐಸಿಟಿಸಿ ಅನ್ನುವ ಬೋರ್ಡ್ ಇರುವ ಕೋಣೆ ಹುಡುಕಿ. ಮೊದಲು ಆಪ್ತಸಮಾಲೋಚಕರು ಮಾತಾಡುತ್ತಾರೆ, ಆಮೇಲೆ ಸ್ವಲ್ಪ ರಕ್ತ ತೆಗೆಯುತ್ತಾರೆ. ರಿಪೋರ್ಟ್ ನಿಮ್ಮ ಕೈಗೇ ಕೊಡುತ್ತಾರೆ, ಗುಟ್ಟಾಗಿಯೇ ಇರುತ್ತದೆ. ಸೋಂಕು ತಗಲಿದ ಕೂಡಲೇ ಟೆಸ್ಟಿನಲ್ಲಿ ಕಾಣುವುದಿಲ್ಲ. ಈ ನಡುವಿನ ಅವಧಿಗೆ ವಿಂಡೋ ಪೀರಿಯಡ್ ಅನ್ನುತ್ತಾರೆ. ಹಾಗಾಗಿ ಮೂರು ತಿಂಗಳು ಕಳೆದ ಮೇಲೆ ಇನ್ನೊಮ್ಮೆ ಬರಲು ಹೇಳಬಹುದು. ಪಾಸಿಟಿವ್ ಬಂದರೆ ಎಆರ್‌ಟಿ ಕೇಂದ್ರಕ್ಕೆ ಕಳಿಸುತ್ತಾರೆ. ನಮ್ಮ ಜಿಲ್ಲೆಯಲ್ಲಿ ಅದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿದೆ. ಆರೋಗ್ಯ ಸ್ಥಿರವಾದವರಿಗೆ ಮನೆಗೆ ಹತ್ತಿರದ ಲಿಂಕ್ ಕೇಂದ್ರದಲ್ಲೇ ಗುಳಿಗೆ ಸಿಗುವ ವ್ಯವಸ್ಥೆಯೂ ಇದೆ. ದೂರದವರು ಇದನ್ನು ಕೇಳಿ ತಿಳಿದುಕೊಳ್ಳಬೇಕು.

ಅಕಸ್ಮಾತ್ ಸೂಜಿ ಚುಚ್ಚಿಕೊಂಡರೆ, ಅಥವಾ ಯಾರಾದರೂ ದೌರ್ಜನ್ಯಕ್ಕೆ ಒಳಗಾದರೆ, ಕಾಯಬೇಡಿ. ಸೋಂಕು ತಡೆಯುವ ಪಿಇಪಿ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, 28 ದಿನ ತೆಗೆದುಕೊಳ್ಳಬೇಕು. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು.

ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097 ಇದೆ. ಕರೆಗೆ ದುಡ್ಡಿಲ್ಲ. ಪರೀಕ್ಷೆ ಎಲ್ಲಿ, ಗುಳಿಗೆ ಎಲ್ಲಿ, ಮನೆಯವರಿಗೆ ಹೇಗೆ ಹೇಳುವುದು, ಎಲ್ಲವನ್ನೂ ಕೇಳಬಹುದು. ಕತ್ತಿಯ ವಿಷಯವನ್ನೂ.